ಮಾವನವರ ಫೋಟೋ, ನನ್ನ ಪ್ರಿಂಟರ್

ನನ್ನ ಮೇಲಿನ ದೂರುಗಳ ದರ್ಬಾರು ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಏಳಕ್ಕೆ ನಡೆಯುತ್ತಿತ್ತು. ದೂರು ಕೊಡುವವರು ನನ್ನ ಅತ್ತೆ. ಕೇಳುವವರು ನಲವತ್ತೆಂಟು ವರ್ಷದ ಹಿಂದೆ ತೀರಿಹೋದ ನನ್ನ ಮಾವ. ವಿದ್ಯಾನಗರದ ನಮ್ಮ ಮನೆಯ ಪಡಸಾಲೆಯ ಗೋಡೆಯ ಮೇಲೆ ಅವರ ಫೋಟೋ ಇತ್ತು. ಅತ್ತೆ ಸ್ನಾನ ಮುಗಿಸಿ, ಒದ್ದೆ ಬಟ್ಟೆಯಿಂದ ಅದರ ಗಾಜು ಒರೆಸಿ, ವಿಭೂತಿ ಹಚ್ಚಿ, ಸಣ್ಣದೊಂದು ಹೂವಿನ ಮಾಲೆ ಹಾಕಿ, ನಾನು ಅಡುಗೆಮನೆಯಲ್ಲಿದ್ದೇನೆ ಎಂಬುದನ್ನು ಖಾತ್ರಿ ಮಾಡಿಕೊಂಡು ಶುರು ಮಾಡುತ್ತಿದ್ದರು.

“ನೋಡ್ರಿ, ನಿಮ್ಮ ಸೊಸಿ ನಿನ್ನಿ ಸಾರಿಗೆ ಉಪ್ಪ ಹಾಕಿದ್ದಿಲ್ಲ. ಕೇಳಿದ್ರ ಬಿಪಿ ಅಂತಾಳ. ಸಾಲ್ಯಾಗ ಹುಡುಗೂರ್ನ ಬೈದಂಗ ನನ್ನೂ ಬೈತಾಳ್ರಿ. ನೀವು ಇದ್ದಿದ್ರ ಈ ಮಾತು ಕೇಳೂ ಪಾಳಿ ನಂಗ ಬರತಿತ್ತೇನು?”

ನಾನು ಒಲೆಯ ಮುಂದಿನಿಂದಲೇ ಕೂಗುತ್ತಿದ್ದೆ: “ಸತ್ತವರ ಬಿಪಿ ಯಾಕ ಏರಸ್ತೀರಿ ಅತ್ತಿ, ಬಿಡ್ರಿ!”

ಹೀಗೆ ಇಪ್ಪತ್ತನಾಲ್ಕು ವರ್ಷ ನಡೆದಿತ್ತು. ಮೊದಲ ಹತ್ತು ವರ್ಷ ನಾನು ಅಡುಗೆಮನೆಯಲ್ಲಿ ಅಳುತ್ತಿದ್ದೆ, ಆಮೇಲೆ ಉತ್ತರ ಕೊಡಲು ಕಲಿತೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ನನ್ನ ಕಾಲ ಬಂದಾಗ ನಾನು ಅದನ್ನು ಒಂದು ದಿನವೂ ವ್ಯರ್ಥ ಮಾಡಲಿಲ್ಲ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ತಪ್ಪು ಲೆಕ್ಕದ ಕೆಳಗೆ ಕೆಂಪು ಗೆರೆ ಎಳೆಯುವುದು ನನ್ನ ಉದ್ಯೋಗ, ಮನೆಯಲ್ಲೂ ಆ ಕೈ ಸುಮ್ಮನಿರುತ್ತಿರಲಿಲ್ಲ.

ಆ ಫೋಟೋ ಬಗ್ಗೆ ಸ್ವಲ್ಪ ಹೇಳಬೇಕು. ಮಾವನವರದು ಅಂತ ಇದ್ದದ್ದು ಅದೊಂದೇ. ಮದುವೆಯಾದ ಮರುವರ್ಷ ಹೆಬ್ಬಳ್ಳಿಯಿಂದ ಧಾರವಾಡಕ್ಕೆ ಸಂತೆಗೆ ಬಂದವರು ಯಾರೋ ಗೆಳೆಯನ ಒತ್ತಾಯಕ್ಕೆ ಸ್ಟುಡಿಯೋ ಹೊಕ್ಕು ತೆಗೆಸಿದ್ದು. ಕುರ್ಚಿ ಸ್ಟುಡಿಯೋದ್ದು, ಕೋಟು ಸ್ಟುಡಿಯೋದ್ದು, ತಲೆಯ ಮೇಲಿನ ರುಮಾಲು ಮಾತ್ರ ಅವರದು. ಅದಾಗಿ ಐದಾರು ವರ್ಷಕ್ಕೆ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟರು. ಆಗ ನಮ್ಮನೆಯವರಿಗೆ ನಾಲ್ಕು ವರ್ಷ, ಅವರ ತಂಗಿ ಹೊಟ್ಟೆಯಲ್ಲಿ. ಇಬ್ಬರಿಗೂ ಅಪ್ಪನೆಂದರೆ ಆ ಫೋಟೋ, ಅಷ್ಟೇ. ಅದೂ ನೆಟ್ಟಗೆ ಕಾಣುತ್ತಿರಲಿಲ್ಲ. ಅರ್ಧ ಶತಮಾನ ದಿನಾ ಒದ್ದೆ ಬಟ್ಟೆ ಬಿದ್ದು, ಚೌಕಟ್ಟಿನ ಸಂದಿಯಲ್ಲಿ ನೀರು ಇಳಿದು, ಮುಖದ ಮೇಲೆಲ್ಲ ಕಂದು ಕಲೆ ಎದ್ದಿದ್ದವು. ‘ಮಗ ಅಪ್ಪನ ಪಡಿಯಚ್ಚು’ ಎಂದು ಊರ ಹಿರಿಯರು ಹೇಳುತ್ತಿದ್ದರು. ತಾಳೆ ನೋಡೋಣವೆಂದರೆ ಕಲೆಗಳ ನಡುವೆ ಅಚ್ಚು ಹುಡುಕಬೇಕಾಗಿತ್ತು. ಆದರೂ ನಮ್ಮನೆಯವರು ಆಫೀಸಿಗೆ ಹೊರಡುವ ಮೊದಲು ಅದಕ್ಕೆ ಕೈ ಮುಗಿಯದೆ ಚಪ್ಪಲಿ ಮೆಟ್ಟಿದವರಲ್ಲ.

ಪ್ರಿಂಟರ್ ಬಂದದ್ದು ನನ್ನ ಹಟದಿಂದ. ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಶಾಲೆಯ ಹತ್ತಿರದ ಝೆರಾಕ್ಸ್ ಅಂಗಡಿಗೆ ಕೊಟ್ಟಿದ್ದೆ. ಮರುದಿನ ಲೆಕ್ಕದಲ್ಲಿ ಎಂದೂ ಪಾಸಾಗದವರೂ ಇಪ್ಪತ್ತೈದಕ್ಕೆ ಇಪ್ಪತ್ತೈದು ತೆಗೆದರು. ಅಂಗಡಿಯವನ ಜೊತೆ ಜಗಳ ಮಾಡಿ ಮನೆಗೆ ಬಂದವಳೇ, ಇನ್ನು ಮೇಲೆ ನನ್ನ ಮನೆಯಲ್ಲೇ ಮಷಿನ್ ಎಂದೆ. ನಮ್ಮನೆಯವರು ಹೂಂ ಅಂದರು. ಅವರು ಎಲ್ಲದಕ್ಕೂ ಹೂಂ ಅನ್ನುವವರು.

ಕೊಪ್ಪೀಕರ ರಸ್ತೆಯ ಆಸುಪಾಸಿನಲ್ಲಿ ಮೂರು ಅಂಗಡಿ ತಿರುಗಿದೆ. ಕಾರ್ಟ್ರಿಜ್‌ನದೋ, ಬಾಟಲಿಯಿಂದ ಇಂಕು ಸುರಿಯುವ ಟ್ಯಾಂಕಿನದೋ? ಬರೀ ಕಪ್ಪೋ, ಬಣ್ಣದ್ದೋ? ನಾಲ್ಕು ಬಣ್ಣ ಸಾಕೋ, ಫೋಟೋಕ್ಕೆಂದೇ ಬರುವ ಆರು ಬಣ್ಣದ್ದು ಬೇಕೋ? ಪ್ರಶ್ನೆಪತ್ರಿಕೆಗೆ ಕಪ್ಪೊಂದೇ ಸಾಕಿತ್ತು. ಆದರೆ ಒಬ್ಬ ಅಂಗಡಿಯವರು ಫೋಟೋ ಪೇಪರಿನ ಮೇಲೆ ಗುಲಾಬಿ ಹೂವಿನ ಚಿತ್ರ ತೆಗೆದು ತೋರಿಸಿದರು ನೋಡಿ, ನನ್ನ ಗಣಿತವೆಲ್ಲ ಅಲ್ಲೇ ಮುಗಿಯಿತು. ಪ್ರಿಂಟ್, ಸ್ಕ್ಯಾನ್, ಝೆರಾಕ್ಸ್ ಮೂರೂ ಒಂದರಲ್ಲೇ ಇರುವ ಆರು ಬಣ್ಣದ್ದನ್ನೇ ಆರಿಸಿದೆ. ಹಳೆಯ ಫೋಟೋ ಕೂಡ ಹೊಸದಾಗುತ್ತದೆಯೇ ಎಂದು ಕೇಳಿದೆ.

“ಆಗತಾವ್ರಿ ಮೇಡಂ. ಆದ್ರ ಹಳೇವು ಗಾಜಿಗೆ ಅಂಟಿರತಾವು, ಕೀಳಾಕ ಹೋಗಬ್ಯಾಡ್ರಿ. ಗಾಜಿನ ಸಮೇತ ಬೋರಲ ಇಟ್ಟು ಸ್ಕ್ಯಾನ್ ಮಾಡ್ರಿ,” ಎಂದರು ಆ ಅಂಗಡಿಯವರು. ವಯಸ್ಸಾದವರು, ನಿಧಾನಕ್ಕೆ ಮಾತಾಡುವವರು.

“ಗಾಜಿನ ಮ್ಯಾಲೆ ಗಾಜು ಇಟ್ರ ಮಂಜು ಬರೂದಿಲ್ಲೇನ್ರಿ? ನಾ ಸೈನ್ಸ್ ಓದಿದಾಕಿ,” ಎಂದೆ.

ಅವರು ನಕ್ಕು ಬಿಲ್ಲು ಬರೆದರು. ಅವರ ಮಾತು ಕೇಳಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ಮಷಿನ್ ಇಡಲು ಪಡಸಾಲೆಯಲ್ಲಿ ಒಂದೇ ಜಾಗ ಇತ್ತು, ಮಾವನವರ ಫೋಟೋದ ಕೆಳಗೆ. ಅಲ್ಲಿದ್ದ ಅತ್ತೆಯ ಟ್ರಂಕನ್ನು ಅವರ ಕೋಣೆಗೆ ತಳ್ಳಿಸಿ, ಟೇಬಲ್ ಹಾಕಿ ಕೂರಿಸಿದೆ. ಮೊದಲ ವಾರ ಫೋಟೋ ಪೇಪರನ್ನು ತಿರುಗಾಮುರುಗಾ ಇಟ್ಟು ಇಂಕು ಕೈಗೆಲ್ಲ ಮೆತ್ತಿಕೊಂಡೆ. ಹೊಳೆಯುವ ಮಗ್ಗುಲು ಮೇಲಿರಬೇಕು ಎಂದು ತಿಳಿಯಲು ಆರು ಹಾಳೆ ಹಾಳಾದವು. ಆಮೇಲೆ ಕೈ ಕುದುರಿತು. ಮಗ್ಗಿ ಕಲಿತ ಮಕ್ಕಳಂತೆ ಸಿಕ್ಕಿದ್ದನ್ನೆಲ್ಲ ಪ್ರಿಂಟ್ ತೆಗೆದೆ. ಮಕ್ಕಳಿಲ್ಲದ ಮನೆ ನಮ್ಮದು. ಶಾಲೆಯ ಪ್ರವಾಸದಲ್ಲಿ ನಾನು ಕಪ್ಪು ಕನ್ನಡಕ ಹಾಕಿ ನಿಂತ ಫೋಟೋವನ್ನೇ ದೊಡ್ಡದು ಮಾಡಿ ಶೋಕೇಸಿನಲ್ಲಿಟ್ಟೆ.

“ಬದುಕಿದ್ದಾಗ್ಲೇ ಯಾಕ ಇಷ್ಟ ದೊಡ್ಡದು ಮಾಡ್ಸಿಯವ್ವಾ?” ಎಂದರು ಅತ್ತೆ.

ಓಣಿಯವರಿಗೆ ಸುದ್ದಿ ಮುಟ್ಟಲು ತಡವಾಗಲಿಲ್ಲ. ‘ಟೀಚರ, ಒಂದ ಆಧಾರ್ ಝೆರಾಕ್ಸ್’, ‘ಟೀಚರ, ನಾಲ್ಕ ಪಾಸ್‌ಪೋರ್ಟ್ ಫೋಟೋ’. ಊರಿಗೆ ಉಪಕಾರ ಮಾಡಬಾರದು, ಹೆಣಕ್ಕೆ ಸಿಂಗಾರ ಮಾಡಬಾರದು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ನಾನು ಇಲ್ಲ ಅನ್ನುತ್ತಿರಲಿಲ್ಲ. ಮಾಡಿಕೊಟ್ಟು, ಮೇಲೆ ಒಂದು ಮಾತು ಚುಚ್ಚಿ ಕಳಿಸುತ್ತಿದ್ದೆ. ಎದುರು ಮನೆಯವರು ತಮ್ಮ ಫೋಟೋ ತೆಗೆದುಕೊಂಡು ಹೋಗುವಾಗ, “ನಿಮ್ಮ ಮಾರಿಗೆ ಕರಿ ಇಂಕು ಭಾಳ ಹೋತ್ ನೋಡ್ರಿ,” ಎಂದೆ. ಅವರು ನಗಲು ನೋಡಿದರು, ಆಗಲಿಲ್ಲ. ಮತ್ತೆ ಅವರು ಬರಲೂ ಇಲ್ಲ. ಇಂಥವನ್ನು ಆಗ ನಾನು ಜಾಣತನ ಅಂದುಕೊಂಡಿದ್ದೆ.

ಅತ್ತೆಯ ಒದ್ದೆ ಬಟ್ಟೆಯ ಹನಿ ಮಷಿನ್ ಮೇಲೆ ಬಿದ್ದದ್ದೇ ಹೊಸ ಜಗಳಕ್ಕೆ ಬುಡವಾಯಿತು. “ಅತ್ತಿ, ನೀರು ಒಳಗ ಹೋದ್ರ ಮಷಿನ್ ಕೆಡತೈತಿ. ಒಣ ಅರಬಿಲೆ ಒರಸ್ರಿ,” ಎಂದೆ. “ಮೈ ತೊಳಕೊಂಡ ಮ್ಯಾಲ ಅವ್ರ ಮಾರಿ ಒಣಾ ಒರಸಲೇನು? ನಿನ್ನ ಡಬ್ಬಿ ಆಚೆ ಇಡು,” ಎಂದರು. ನಾನು ಮಷಿನ್ ಮೇಲೆ ಪ್ಲಾಸ್ಟಿಕ್ ಹೊದಿಸಿದೆ. ಅವರು ಇನ್ನೂ ಚೆನ್ನಾಗಿ ನೆನೆಸಿದ ಬಟ್ಟೆ ತಂದರು. ಕೊನೆಗೆ ನಾನೊಂದು ಉಪಾಯ ಹೇಳಿದೆ. ಮಾವನವರ ಫೋಟೋವನ್ನು ಸ್ಕ್ಯಾನ್ ಮಾಡಿ, ಕಲೆ ತೆಗೆದು, ದೊಡ್ಡದಾಗಿ ಹೊಸದು ಮಾಡಿ, ಲ್ಯಾಮಿನೇಷನ್ ಹಾಕಿಸಿ ದೇವರ ಕೋಣೆಯಲ್ಲಿ ಇಡೋಣ, ಎಷ್ಟು ಬೇಕಾದರೂ ನೀರು ಹೊಯ್ಯಿರಿ.

ಅತ್ತೆ ಫೋಟೋಕ್ಕೆ ಬೆನ್ನು ಕೊಟ್ಟು ನಿಂತರು, ನಾನು ಆಗಲೇ ಕಸಿಯಲು ಬಂದೆನೋ ಅನ್ನುವಂತೆ. “ಅದಕ್ಕ ಕೈ ಹಚ್ಚಬ್ಯಾಡ. ನಂಗ ಇರೂದು ಅದೊಂದ. ಕಲಿ ಇದ್ರೂ ನಂಗ ಅವ್ರು ಕಾಣತಾರ,” ಎಂದರು. ನನಗೆ ಕನಿಕರ ಬರಲಿಲ್ಲ. ನನ್ನ ಮಷಿನನ್ನು ಇವರು ನಂಬುತ್ತಿಲ್ಲವಲ್ಲ ಎಂದು ಸಿಟ್ಟು ಬಂತು.

ಬೇಸಿಗೆಯಲ್ಲಿ ಶಿರಗುಪ್ಪಿಯಲ್ಲಿರುವ ನಾದಿನಿ ಹೊಸ ಮನೆ ಕಟ್ಟಿಸಿ, ಗೃಹಪ್ರವೇಶಕ್ಕೆಂದು ಅತ್ತೆಯನ್ನು ಎಂಟು ದಿನ ಕರೆದುಕೊಂಡು ಹೋದಳು. ಭಾನುವಾರ ಮಧ್ಯಾಹ್ನ ಊಟವಾಗಿ ನಮ್ಮನೆಯವರು ಮಲಗಿದ್ದರು. ನಾನು ಕುರ್ಚಿ ಹತ್ತಿ ಫೋಟೋ ಇಳಿಸಿದೆ. ಒಳ್ಳೆಯದು ಮಾಡಲು ಇಳಿಸಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಖರೆ ಹೇಳಬೇಕೆಂದರೆ, ಅತ್ತೆ ಬಂದು ಹೊಸ ಫೋಟೋ ನೋಡಿ ಬಾಯಿ ಮುಚ್ಚಿಕೊಳ್ಳಬೇಕು, ನಾಳೆಯಿಂದ ದೂರು ಹೇಳುವಾಗಲೂ ಅದು ನಾನು ಮಾಡಿದ ಮುಖ ಎಂದು ನೆನಪಾಗಬೇಕು, ಅದು ನನಗೆ ಬೇಕಾಗಿತ್ತು.

ಹಿಂದಿನ ಮೊಳೆ ಕಿತ್ತೆ. ರಟ್ಟು ತೆಗೆದೆ. ಫೋಟೋ ಗಾಜಿಗೆ ಕಚ್ಚಿಕೊಂಡಿತ್ತು. ಅಂಗಡಿಯವರ ಮಾತು ನೆನಪಾಗಲಿಲ್ಲ ಎಂದರೆ ಸುಳ್ಳಾದೀತು. ನೆನಪಾಯಿತು, ಆದರೆ ಸೈನ್ಸ್ ಓದಿದವಳು ನಾನು. ನೀರಿನಿಂದ ಅಂಟಿದ್ದು ನೀರಿನಿಂದಲೇ ಬಿಡಬೇಕು. ಚಿಕ್ಕಂದಿನಲ್ಲಿ ಲಕೋಟೆಯ ಅಂಚೆಚೀಟಿ ಬಿಡಿಸುತ್ತಿದ್ದದ್ದು ಹಾಗೇ. ರೊಟ್ಟಿ ಹಿಟ್ಟು ನಾದುವ ಅಗಲ ಪರಾತದಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಗಾಜು ಸಮೇತ ಮುಳುಗಿಸಿದೆ. ಹತ್ತು ನಿಮಿಷ ಕಾದೆ. ಒಂದು ಮೂಲೆ ಎದ್ದಿತು. ಹಿಡಿದು ಎಳೆದೆ.

ಕಾಗದ ಸಲೀಸಾಗಿ ಬಂತು. ಮುಖ ಬರಲಿಲ್ಲ.

ರುಮಾಲು ಬಂತು, ಕೋಟು ಬಂತು, ಕುರ್ಚಿಯ ಕೈ ಹಿಡಿದ ಬೆರಳುಗಳು ಬಂದವು. ಹಣೆಯಿಂದ ಕೊರಳವರೆಗೆ ಬಿಳಿ ಕಾಗದ. ಮುಖ ಗಾಜಿನ ಮೇಲೆ ಉಳಿದಿತ್ತು, ಹಾಲಿನ ಕೆನೆಯಂತೆ ತೆಳ್ಳಗೆ ತೇಲುತ್ತಿತ್ತು. ಗಾಬರಿಯಲ್ಲಿ ಗಾಜು ಎತ್ತಿದೆ. ಆ ಕೆನೆ ಜಾರಿ, ಮಡಚಿ, ಒಂದು ಮುದ್ದೆಯಾಯಿತು. ಬಿಡಿಸಲು ಹೋದೆ, ಹರಿಯಿತು. ಮತ್ತೆ ಬಿಡಿಸಿದೆ, ಮತ್ತೆ ಹರಿಯಿತು. ಕೊನೆಗೆ ನೋಡಿದರೆ ಮಾವನವರ ಒಂದು ಕಣ್ಣು ನನ್ನ ಹೆಬ್ಬೆರಳ ಉಗುರಿನಲ್ಲಿತ್ತು. ಇದನ್ನು ಬರೆಯುವಾಗ ಇವತ್ತಿಗೂ ನಾನು ಆ ಉಗುರನ್ನು ನೋಡಿಕೊಳ್ಳುತ್ತೇನೆ.

ಆಗ ಅತ್ತುಬಿಟ್ಟಿದ್ದರೆ ಮನುಷ್ಯಳಾಗುತ್ತಿದ್ದೆ. ಅಳಲಿಲ್ಲ, ಲೆಕ್ಕ ಹಾಕಿದೆ. ಮಗ ಅಪ್ಪನ ಪಡಿಯಚ್ಚು. ನಮ್ಮ ಮದುವೆಯ ಅಲ್ಬಮ್ಮಿನಲ್ಲಿ ನಮ್ಮನೆಯವರು ಇಪ್ಪತ್ತೆಂಟರ ವಯಸ್ಸಿನಲ್ಲಿ ಕ್ಯಾಮೆರಾ ಕಡೆ ನೆಟ್ಟಗೆ ನೋಡುತ್ತಿರುವ ಫೋಟೋ ಇತ್ತು. ಅದನ್ನು ಸ್ಕ್ಯಾನ್ ಮಾಡಿದೆ. ಒಣಗಿಸಿದ ಆ ಕಾಗದವನ್ನೂ ಸ್ಕ್ಯಾನ್ ಮಾಡಿದೆ. ಲ್ಯಾಪ್‌ಟಾಪಿನಲ್ಲಿ ಮಗನ ಮುಖವನ್ನು ಅಪ್ಪನ ರುಮಾಲಿನ ಕೆಳಗೆ ಕೂರಿಸಿದೆ. ಮೀಸೆ ಒಂದಿಷ್ಟು ದಪ್ಪ ಮಾಡಿದೆ, ಬಾಸಿಂಗದ ದಾರ ಅಳಿಸಿದೆ. ಮೊದಲು ಹೊಳೆಯುವ ಪೇಪರಿನಲ್ಲಿ ತೆಗೆದರೆ ಚುನಾವಣೆಯ ಬ್ಯಾನರಿನಂತೆ ಮಿಂಚಿತು. ಎರಡನೆಯದರಲ್ಲಿ ಕಪ್ಪುಬಿಳುಪು ಹೋಗಿ ನೇರಳೆ ಬಂತು. ಮೂರನೆಯದಕ್ಕೆ ಮಬ್ಬು ಪೇಪರ್ ಹಾಕಿ, ಬಣ್ಣದ ಇಂಕು ಬಂದ್ ಮಾಡಿ ತೆಗೆದೆ. ಅದು ಬಂತು. ಹಳೆಯದರಂತೆ ಕಾಣಲೆಂದು ಹತ್ತಿಯಿಂದ ಚಹಾದ ನೀರು ತೆಳ್ಳಗೆ ಸವರಿ ಫ್ಯಾನಿನ ಕೆಳಗಿಟ್ಟೆ. ಒಣಗಿದ ಮೇಲೆ ದೂರ ಹಿಡಿದು ನೋಡಿದೆ. ನನಗೆ ಖುಷಿಯಾಯಿತು. ಹೇಳಲು ನಾಚಿಕೆಯಾಗುತ್ತದೆ, ಆದರೆ ಬಹಳ ಖುಷಿಯಾಯಿತು.

ಸೋಮವಾರ ಬೆಳಿಗ್ಗೆ ಕಸದ ಗಾಡಿ ಹಾಡು ಹಾಕಿಕೊಂಡು ಬಂತು. ಮುಖವಿಲ್ಲದ ಹಳೆಯ ಕಾಗದ, ಕೆಟ್ಟ ಪ್ರಿಂಟುಗಳು, ಆ ಮುದ್ದೆ ಒಣಗಿ ಅಂಟಿದ ಗಾಜು, ಎಲ್ಲವನ್ನೂ ಪೇಪರಿನಲ್ಲಿ ಸುತ್ತಿ ಕೊಟ್ಟೆ. ತೆಗೆದುಕೊಳ್ಳುವ ಹೆಂಗಸಿನ ಕೈಗೆ ಗಾಜು ಚುಚ್ಚಬಾರದೆಂದು ಮೇಲೆ ದಪ್ಪಕ್ಷರದಲ್ಲಿ ‘ಗಾಜು’ ಎಂದು ಬರೆದಿದ್ದೆ. ಅಷ್ಟರಮಟ್ಟಿಗೆ ಒಳ್ಳೆಯ ಹೆಂಗಸು ನಾನು. ಖಾಲಿ ಗೋಡೆ ಕಂಡ ನಮ್ಮನೆಯವರಿಗೆ, ಗಾಜು ಬದಲಿಸಲು ಇಳಿಸಿದ್ದೇನೆ ಎಂದಿದ್ದೆ. ಸಂಜೆಯ ಹೊತ್ತಿಗೆ ಹಳೆಯ ಚೌಕಟ್ಟಿಗೆ ಹೊಸ ಗಾಜು ಕೂಡಿತು.

ನಮ್ಮನೆಯವರು ಆಫೀಸಿನಿಂದ ಬಂದವರು ಚೀಲ ಹೆಗಲ ಮೇಲಿದ್ದಂತೆಯೇ ಗೋಡೆಯ ಮುಂದೆ ನಿಂತುಬಿಟ್ಟರು. ಈಗ ಹಿಡಿಯುತ್ತಾರೆ ಎಂದುಕೊಂಡೆ.

“ಕಲಿ ತೆಗದಿ?” ಎಂದರು.

“ಹೂಂ ರೀ. ಮಷಿನಿಲೆ.”

ಅವರು ಹತ್ತಿರ ಹೋದರು. ತಮ್ಮ ಕೆನ್ನೆ ಮುಟ್ಟಿಕೊಂಡರು, ಮೂಗು ಮುಟ್ಟಿಕೊಂಡರು. “ಅಪ್ಪ ನನ್ನಂಗ ಇದ್ನಲ್ಲ,” ಎಂದರು. ಆಮೇಲೆ ಅಳಲು ಶುರು ಮಾಡಿದರು, ಐವತ್ತೆರಡು ವರ್ಷದ ಗಂಡಸು. “ಎಲ್ಲಾರೂ ಹೇಳತಿದ್ರು. ನಾ ಇವತ್ತ ನೋಡಿದ್ನಿ. ಭಾಳ ಪುಣ್ಯಾದ ಕೆಲಸ ಮಾಡಿದಿ ನೋಡು.”

ನಿಜ ನನ್ನ ಬಾಯಿಗೆ ಬಂದಿತ್ತು, ಹೇಳಬಹುದಾಗಿತ್ತು. “ಚಹಾ ಮಾಡ್ಲೇನ್ರಿ?” ಎಂದೆ.

ಅತ್ತೆ ಬಂದದ್ದು ಗುರುವಾರ. ಅವರ ಕಣ್ಣಿಗೆ ಪೊರೆ ಬಂದಿದೆ, ಎಲ್ಲವೂ ಮಸುಕು ಎಂಬ ಧೈರ್ಯದಲ್ಲಿದ್ದೆ. ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಬಟ್ಟೆ ಹಿಡಿದು ಬಂದರು. ನಾನು ಒಗ್ಗರಣೆ ಹಾಕುವುದನ್ನು ಬಿಟ್ಟು ಬಾಗಿಲ ಸಂದಿಯಿಂದ ನೋಡಿದೆ. ಅವರು ಗಾಜಿನ ಮೇಲೆ ಬಟ್ಟೆ ಇಟ್ಟವರು ಹಾಗೇ ನಿಂತರು. ಎಷ್ಟು ಹೊತ್ತು ನಿಂತರೆಂದರೆ ನನ್ನ ಸಾಸಿವೆ ಹೊತ್ತಿ ಕರಿಯಾಯಿತು.

“ಗಾಜ ಹೊಸಾದು?” ಎಂದರು, ತಿರುಗದೆ.

“ಹೌದ್ರಿ ಅತ್ತಿ, ಹಳೇದು ಸೀಳಿತ್ತು. ಕಲಿನೂ ತೆಗದೇನಿ. ಹೆಂಗ ಆಗೇತ್ರಿ?”

“ಛಲೋ ಆಗೇತಿ,” ಎಂದರು.

ಅವತ್ತು ಅವರು ದೂರು ಹೇಳಲಿಲ್ಲ. ಮರುದಿನವೂ ಇಲ್ಲ. ದಿನಾ ಬರುತ್ತಿದ್ದರು, ಚೌಕಟ್ಟಿನ ಕಟ್ಟಿಗೆಯನ್ನಷ್ಟೇ ಒರೆಸುತ್ತಿದ್ದರು, ಹೋಗುತ್ತಿದ್ದರು. ಮಾಲೆ ಹಾಕುವುದನ್ನು ಬಿಟ್ಟರು, ವಿಭೂತಿಯನ್ನೂ ಬಿಟ್ಟರು. ಕೇಳಿದ್ದಕ್ಕೆ, “ನಿನ್ನ ಮಷಿನ್ ಮ್ಯಾಲ ಬೂದಿ ಉದರತೈತಲ್ಲ,” ಎಂದರು. ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನ ಬೆಳಗುಗಳು ಶಾಂತವಾದವು. ಗೆದ್ದೆ ಎಂದುಕೊಂಡೆ. ಸ್ಟಾಫ್ ರೂಮಿನಲ್ಲಿ ನಗುನಗುತ್ತ ಹೇಳಿದೆ ಕೂಡ, ಅತ್ತೆಯ ಬಾಯಿಗೆ ಆರು ಬಣ್ಣದ ಬೀಗ ಹಾಕಿದ್ದೇನೆ ಎಂದು. ಇತ್ತ ನಮ್ಮನೆಯವರು ಕೈ ಮುಗಿಯುವ ಹೊತ್ತು ಉದ್ದವಾಗುತ್ತ ಹೋಯಿತು. ಆಫೀಸಿನ ಕಷ್ಟವನ್ನೆಲ್ಲ ಸಣ್ಣ ದನಿಯಲ್ಲಿ ಅಪ್ಪನಿಗೆ ಹೇಳುತ್ತಿದ್ದರು. ಅತ್ತೆ ಕೋಣೆಯ ಹೊಸ್ತಿಲಲ್ಲಿ ಕೂತು ಅದನ್ನು ನೋಡುತ್ತಿದ್ದರು.

ಹೀಗೆ ಎಂಟು ತಿಂಗಳು ಹೋದವು. ಮಾವನವರ ಪುಣ್ಯತಿಥಿ ಬಂತು. ನಾದಿನಿ ಗಂಡನ ಜೊತೆ ಬೆಳಿಗ್ಗೆಯೇ ಬಂದಳು. ಮಠದಿಂದ ಬಂದ ಜಂಗಮ ಅಯ್ಯನವರ ಪಾದಪೂಜೆ ಮುಗಿಯಿತು, ಗೋಧಿಹುಗ್ಗಿಯ ಪರಿಮಳ ಮನೆ ತುಂಬಿತ್ತು. ನಾದಿನಿ ಮಾರು ಉದ್ದದ ಸೇವಂತಿಗೆ ಮಾಲೆ ತಂದಿದ್ದಳು. ಅಪ್ಪನ ಮುಖ ಇಷ್ಟು ಸ್ಪಷ್ಟ ಕಂಡದ್ದಕ್ಕೆ ಅವಳಿಗೂ ಸಂಭ್ರಮ. “ವೈನಿ, ನಿಮ್ಮ ಕೈಗೆ ಬಂಗಾರದ ಬಳಿ ಹಾಕಬೇಕ್ರಿ,” ಎನ್ನುತ್ತ ಕುರ್ಚಿ ಹತ್ತಿ ಮಾಲೆ ಎತ್ತಿದಳು.

“ಹಾಕಬ್ಯಾಡ!”

ಅತ್ತೆಗೆ ಅಷ್ಟು ದೊಡ್ಡ ದನಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ಎದ್ದು ಬಂದವರೇ ಮಗಳ ಕೈಗೆ ಪಟಾರನೆ ಹೊಡೆದರು.

“ಯಾಕಬೇ? ನಾ ತಂದ ಮಾಲಿ ಅಪ್ಪಗ ಬ್ಯಾಡೇನು?” ನಾದಿನಿಯ ಕಣ್ಣು ತುಂಬಿತು. “ಹುಟ್ಟಿದಾಗಿಂದ ನಾ ಅಪ್ಪಗ ಕೊಟ್ಟದ್ದು ಇದೊಂದ ಮಾಲಿ, ವರ್ಷಕ್ಕ ಒಂದು.”

ಅತ್ತೆ ಮಗಳನ್ನು ನೋಡಿದರು. ಮಗನನ್ನು ನೋಡಿದರು. “ತಡಿ,” ಎಂದು ಫೋಟೋ ಇಳಿಸಿಕೊಂಡು, “ನೀ ಒಳಗ ಬಾ,” ಎಂದು ನನಗೆ ಹೇಳಿ ಅಡುಗೆಮನೆಗೆ ನಡೆದರು. ನಾನು ಹಿಂದೆ ಹೋದೆ. ಬಾಗಿಲು ಹಾಕಿದರು.

“ಚೂರು ಎಲ್ಲಿ ಅದಾವು?” ಎಂದರು.

ನಾನು ಏನು, ಯಾವ ಚೂರು ಎಂದು ಕೇಳಲಿಲ್ಲ. “ಕಸದ ಗಾಡಿಗೆ ಕೊಟ್ಟೆ,” ಎಂದೆ.

ಅತ್ತೆ ಫೋಟೋವನ್ನು ಕಟ್ಟೆಯ ಮೇಲಿಟ್ಟರು. “ಹಸಿ ಕಸಕ್ಕೋ, ಒಣ ಕಸಕ್ಕೋ?”

ಅದು ಹಂಗಿಸುವ ಮಾತಲ್ಲ. ಅವರಿಗೆ ನಿಜವಾಗಿ ತಿಳಿಯಬೇಕಾಗಿತ್ತು. ಗಂಡ ಎಲ್ಲಿಗೆ ಹೋದ ಎಂದು ಹೆಂಡತಿ ಕೇಳುತ್ತಿದ್ದಳು.

“ಒಣ ಕಸಕ್ಕ,” ಎಂದೆ.

ಅವರು ತಲೆ ಆಡಿಸಿದರು, ಅಷ್ಟಾದರೂ ಆಯಿತಲ್ಲ ಅನ್ನುವಂತೆ.

“ನಿಮಗ ಯಾವಾಗ ಗೊತ್ತಾತ್ರಿ?”

“ಹಡದಾಕಿಗೆ ಮಗನ ಮಾರಿ ಗುರ್ತ ಸಿಗೂದಿಲ್ಲೇನು? ಬಂದ ಮರುದಿನಾನ ಗೊತ್ತಾತು. ಅವನ ಅಪ್ಪ ಸಿಕ್ಕಾ ಅಂತ ಕೈ ಮುಗದು ಮಾತಾಡತಿದ್ದ. ಹೆಂಗ ಕಸಗೊಳ್ಳಲಿ? ಸುಮ್ನಿದ್ದೆ. ಆದ್ರ ಬದುಕಿದ್ದ ಮಗಗ ಸತ್ತವರ ಮಾಲಿ ಹಾಕಸ್ಲೇನು?” ಎಂದವರು ಕೈ ಚಾಚಿದರು. “ಕತ್ತರಿ ಕೊಡು.”

ಹಿಂದಿನ ಮೊಳೆಗಳನ್ನು ನಾನೇ ಬಿಚ್ಚಿಕೊಟ್ಟೆ. ಅತ್ತೆ ನೆಲದ ಮೇಲೆ ಕೂತು, ಪೊರೆ ಬಂದ ಕಣ್ಣಿಗೆ ಫೋಟೋ ಹತ್ತಿರ ಹಿಡಿದು, ರುಮಾಲಿನ ಅಂಚಿಗೆ ತಾಗದಂತೆ, ಕೋಟಿನ ಕಾಲರಿಗೆ ತಾಗದಂತೆ ಮುಖವನ್ನಷ್ಟೇ ಸುತ್ತಲೂ ಕತ್ತರಿಸಿದರು. ಬಹಳ ಹೊತ್ತು ಹಿಡಿಯಿತು. ಬಾಗಿಲಿನ ಆಚೆಗೆ ನಮ್ಮ ಮಾತೆಲ್ಲ ಕೇಳಿಸಿರಬೇಕು. ಕತ್ತರಿಸಿದ ಮುಖವನ್ನು ನನ್ನ ಅಂಗೈ ಮೇಲಿಟ್ಟರು.

“ತಗೋ. ಇದು ನಿಂದು.”

ಉಳಿದದ್ದನ್ನು ಚೌಕಟ್ಟಿಗೆ ಸೇರಿಸಿ, ಹೊರಗೆ ಒಯ್ದು, ಗೋಡೆಗೆ ಹಾಕಿಸಿ, “ಈಗ ಹಾಕವಾ ಮಾಲಿ,” ಎಂದು ಮಗಳಿಗೆ ಹೇಳಿದರು. ನಾದಿನಿ ಮಾಲೆ ಹಿಡಿದುಕೊಂಡು ನಿಂತೇ ಇದ್ದಳು. ರುಮಾಲು ಇತ್ತು, ಕೋಟು ಇತ್ತು, ನಡುವೆ ತೂತು. ತೂತಿನಲ್ಲಿ ಹಿಂದಿನ ರಟ್ಟು ಕಾಣುತ್ತಿತ್ತು. ಕೊನೆಗೆ ಅತ್ತೆಯೇ ಮಾಲೆ ಇಸಿದುಕೊಂಡು ಹಾಕಿದರು, ಎಂಟು ತಿಂಗಳ ಮೇಲೆ ಮೊದಲ ಸಲ.

ನಮ್ಮನೆಯವರು ಅಡುಗೆಮನೆಗೆ ಬಂದರು. ನನ್ನ ಅಂಗೈ ನೋಡಿದರು. ಚಹಾ ಸವರಿದ, ಮೀಸೆ ದಪ್ಪ ಮಾಡಿದ ಅವರದೇ ಮುಖ. ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದು ನಿಂತಿದ್ದೆ.

“ಎಂಟ ತಿಂಗಳು ನಾ ನನಗ ಕೈ ಮುಗದೇನಿ,” ಎಂದರು. ಹೊರಗೆ ಹೋಗಿ ಅಯ್ಯನವರ ಎಲೆಗೆ ಹುಗ್ಗಿ ಬಡಿಸಿದರು. ಅವತ್ತಿನಿಂದ ಅವರು ನನಗೆ ಯಾವುದಕ್ಕೂ ಹೂಂ ಅಂದಿಲ್ಲ.

ಅದಾಗಿ ಒಂದು ವರ್ಷದ ಮೇಲಾಯಿತು. ತೂತು ಬಿದ್ದ ಫೋಟೋ ಅಲ್ಲೇ ಇದೆ. ಮಷಿನನ್ನು ನಾನು ಮಲಗುವ ಕೋಣೆಗೆ ಸಾಗಿಸಿದ್ದೇನೆ. ತಿಂಗಳಿಗೊಮ್ಮೆ ಪ್ರಶ್ನೆಪತ್ರಿಕೆ ತೆಗೆಯುತ್ತೇನೆ, ಬಣ್ಣದ ಇಂಕು ಒಣಗಿ ಗಟ್ಟಿಯಾಗಿರಬೇಕು. ಮನೆಗೆ ಬಂದವರು ಗೋಡೆ ನೋಡಿ ಬೆಚ್ಚುತ್ತಾರೆ. ಇದೇನ್ರಿ ಎಂದು ಕೇಳಿದರೆ ಅತ್ತೆ ಸಮಾಧಾನದಿಂದಲೇ ಹೇಳುತ್ತಾರೆ: “ನಮ್ಮ ಸೊಸಿ ಮಾಡ್ಯಾಳ್ರಿ. ಮನ್ಯಾಗ ಮಷಿನ್ ಐತಿ.” ಬಂದವರು ನನ್ನ ಕಡೆ ನೋಡುತ್ತಾರೆ. ನಾನು ಚಹಾ ತರಲು ಏಳುತ್ತೇನೆ.

ಮೊನ್ನೆ ತಡೆಯಲಾಗಲಿಲ್ಲ. ಅತ್ತೆ ಒದ್ದೆ ಬಟ್ಟೆಯಿಂದ ಗಾಜು ಒರೆಸುತ್ತಿದ್ದರು, ಆ ತೂತಿನ ಮೇಲೆ ಮೆಲ್ಲಗೆ, ಕೆನ್ನೆ ಒರೆಸಿದ ಹಾಗೆ. ಹತ್ತಿರ ಹೋಗಿ ನಿಂತೆ.

“ಅತ್ತಿ, ತಪ್ಪಾತ್ರಿ. ರುಮಾಲು, ಕೋಟು ಕಂಪ್ಯೂಟರ್‌ನ್ಯಾಗ ಅದಾವು. ಛಲೋತಂಗ ಇನ್ನೊಂದು ಮಾಡಿಕೊಡ್ಲೇನ್ರಿ?” ಎಂದೆ. ನನ್ನ ಜೀವನದಲ್ಲಿ ಅಷ್ಟು ಮೆತ್ತಗೆ ನಾನು ಮಾತಾಡಿದ್ದಿಲ್ಲ.

ಅತ್ತೆ ಬಟ್ಟೆ ಹಿಂಡಿದರು. ಸಿಟ್ಟಿಲ್ಲದೆ, ಅಡುಗೆಗೆ ಏನು ಮಾಡಲಿ ಎಂದು ಕೇಳುವ ದನಿಯಲ್ಲಿ ಕೇಳಿದರು:

“ಮಾಡಕೊಡವಾ. ಯಾರ ಮಾರಿ ಹಾಕ್ತಿ?”

ಅವರು ವಿಭೂತಿ ಬಟ್ಟಲು ತೆಗೆದುಕೊಂಡು ನನಗೆ ಸರಿಯಲು ಹೇಳಿದರು, ನಾನು ಸರಿದೆ.